ಸುಲ್ತಾನನ ಪರವಾಗಿ ಒಂದು ಮಾತು

ದ್ವಾರಕಾ, ಹೊಸದಿಲ್ಲಿ
೬ ಏಪ್ರಿಲ್ ೨೦೨೫, ಭಾನುವಾರ, ರಾಮನವಮಿ

ಪ್ರೀತಿಯ ಅಪ್ಪನಿಗೆ,

ನಿಮ್ಮ ದಿಲ್ಲಿಯ ಮಗಳು ಸುಮಿತ್ರಾ ಮಾಡುವ ನಮಸ್ಕಾರಗಳು. ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಪುತ್ತೂರಿನಲ್ಲಿ ಈಗಲೇ ವಿಪರೀತ ಸೆಕೆ ಎಂದು ರಾಘವಣ್ಣ ಹೇಳಿದ. ಸಕ್ಕರೆ ಕಾಯಿಲೆಯವರು ಹಬ್ಬದ ನೆಪದಲ್ಲಿ ಪಾನಕ ಕುಡಿಯಬಾರದು ಎಂದು ನಾನು ಹೇಳಿದರೆ ನೀವು ಕೇಳುವವರಲ್ಲ, ಆದ್ದರಿಂದ ಒಂದು ಲೋಟಕ್ಕೆ ರಾಜಿಯಾಗುತ್ತೇನೆ. ಈ ಕಾಗದ ತಲುಪುವಷ್ಟರಲ್ಲಿ ಹಬ್ಬವೂ ಮುಗಿದಿರುತ್ತದೆ, ಪಾನಕದ ಪಾತ್ರೆಯೂ ಖಾಲಿಯಾಗಿರುತ್ತದೆ, ಅದು ಬೇರೆ ಮಾತು. ಅಣ್ಣ ಕೊಡಿಸಿದ ಕಿವಿಯ ಯಂತ್ರವನ್ನು ಚಿನ್ನದ ಒಡವೆಯ ಹಾಗೆ ಡಬ್ಬಿಯಲ್ಲೇ ಜೋಪಾನ ಮಾಡಿದ್ದೀರಂತೆ. ಫೋನಿನಲ್ಲಿ ನಾನು ಕಿರುಚುವುದು, ನೀವು ಆ ಕಡೆಯಿಂದ "ಆಂ? ಏನು?" ಎನ್ನುವುದು, ಇಲ್ಲಿ ಪಕ್ಕದ ಫ್ಲ್ಯಾಟಿನ ಹೆಂಗಸು ಗಂಡ ಹೆಂಡಿರ ಜಗಳವೇನೋ ಎಂದು ಬಾಗಿಲು ತೆರೆದು ನೋಡುವುದು, ಇದೆಲ್ಲ ಸಾಕಾಗಿ ಕಾಗದವೇ ವಾಸಿ ಎಂದು ಕುಳಿತಿದ್ದೇನೆ. ಕಾಗದದಲ್ಲಿ ಇನ್ನೊಂದು ಅನುಕೂಲವಿದೆ. ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಾವು ಚೆನ್ನಾಗಿದ್ದೇವೆ. ನಿಮ್ಮ ಅಳಿಯ ಇಂದುಶೇಖರರು ವಾರವೆಲ್ಲ ಬೆಳಗಾಗುತ್ತಲೇ ಫರೀದಾಬಾದಿನ ಕಾರ್ಖಾನೆಗೆ ಹೋಗಿ, ದಾರಿಯ ಟ್ರಾಫಿಕ್ಕಿಗೆ ಬೈಯುತ್ತಾ ಸಂಜೆ ಬರುತ್ತಾರೆ. ಇವತ್ತು ರಜೆ. ಕೋಸಂಬರಿಯ ಜವಾಬ್ದಾರಿ ತಮ್ಮದು ಎಂದು ಅಡುಗೆಮನೆ ಹಿಡಿದಿದ್ದಾರೆ. ಸೌತೆಕಾಯಿಯನ್ನು ಇಂಜಿನಿಯರ್ ಹೆಚ್ಚುವ ರೀತಿಯಲ್ಲಿ, ಒಂದೊಂದು ಹೋಳೂ ಒಂದೇ ಅಳತೆಗೆ ಬರುವಂತೆ ಹೆಚ್ಚುತ್ತಿದ್ದಾರೆ. ಊಟಕ್ಕೆ ಕೋಸಂಬರಿ ಸಿಗುತ್ತದೋ ಸಂಜೆಯ ತಿಂಡಿಗೆ ಸಿಗುತ್ತದೋ ಗೊತ್ತಿಲ್ಲ. ಅದರಿಂದ ನನಗೆ ಬರೆಯಲು ಪುರಸೊತ್ತು ಸಿಕ್ಕಿದೆ, ಹಾಗಾಗಿ ನಾನು ಆ ಕಡೆ ಹೋಗುತ್ತಿಲ್ಲ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಹಬ್ಬದಲ್ಲಿಲ್ಲ. ನಾಳೆ ತನುಶ್ರೀಯ ಫಲಿತಾಂಶ. ತನುಶ್ರೀ ಎಂದರೆ ನಾವು ಯಾವಾಗಲೂ ಹೋಗುವ ಹೋಟೆಲಿನ ಮಾಲೀಕ ಯೋಗೀಶರ ಮಗಳು. ನಾವು ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಬಾಡಿಗೆಗಿದ್ದಾಗ ನೀವು ಬಂದಿದ್ದಿರಲ್ಲ, ಆಗ ಮೆನುವಿನಲ್ಲಿಲ್ಲದ ನೀರುದೋಸೆಯನ್ನು ನಿಮಗಾಗಿ ಮಾಡಿಸಿ, ಎದುರಿಗೆ ಕೂತು ಯಕ್ಷಗಾನದ ಹರಟೆ ಹೊಡೆದ ಕುಂದಾಪುರದ ಕಡೆಯವರು, ಅವರೇ. ಅವರ ಹೆಂಡತಿ ಅಮ್ಮಣ್ಣಿ ಅಡುಗೆಮನೆಯ ಯಜಮಾನಿ. ಆಗ ಹುಡುಗಿ ಟೇಬಲ್ಲುಗಳ ಕೆಳಗೆ ಆಡುತ್ತಿದ್ದಳು. ಈಗ ಹನ್ನೊಂದನೆಯ ಕ್ಲಾಸು ಮುಗಿಸಿದ್ದಾಳೆ. ಕಾಲೇಜಿನಲ್ಲಿ ಇತಿಹಾಸ ಓದಬೇಕೆಂದು ಅವಳ ಆಸೆ. ಬಿ.ಬಿ.ಎ. ಮಾಡಿ ಹೋಟೆಲಿನ ಗಲ್ಲಾದಲ್ಲಿ ಕೂರಬೇಕೆಂದು ಯೋಗೀಶರ ಆಸೆ. ಬಹಳ ದಿನ ಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದ ಮೇಲೆ ಅಪ್ಪ ಮಗಳು ಒಂದು ಒಪ್ಪಂದಕ್ಕೆ ಬಂದರು. ಅವಳ ಶಾಲೆಯಲ್ಲಿ ಎ.ಪಿ. ಹಿಸ್ಟರಿ ಎಂಬ ಅಮೆರಿಕದ ಪರೀಕ್ಷೆ ಬರೆಸುತ್ತಾರೆ. ಕಾಲೇಜಿನ ಮಟ್ಟದ ಇತಿಹಾಸವನ್ನು ಶಾಲೆಯ ಮಕ್ಕಳು ಓದಿ ಬರೆಯುವ ಕಷ್ಟದ ಪರೀಕ್ಷೆ. ಅದರಲ್ಲಿ ಚೆನ್ನಾಗಿ ಮಾಡಿದರೆ ಇತಿಹಾಸ, ಇಲ್ಲದಿದ್ದರೆ ಬಿ.ಬಿ.ಎ. ಪರೀಕ್ಷೆ ಮೇ ತಿಂಗಳಲ್ಲಿ. ಆದರೆ ಶಾಲೆಯವರು ಮೊದಲು ತಾವೇ ಒಂದು ಅಣಕು ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಪಾಸಾಗದವರನ್ನು ಮುಂದಕ್ಕೆ ಕಳಿಸುವುದಿಲ್ಲ. ಅಲ್ಲಿಗೇ ಬಂದು ಗಾಡಿ ನಿಂತಿದೆ. ನಿಲ್ಲಿಸಿದವಳು ನಾನು, ಹಾಗೆ ನೋಡಿದರೆ ಅದರಲ್ಲಿ ನಿಮ್ಮದೂ ಪಾಲಿದೆ. ತಾಳ್ಮೆಯಿಂದ ಓದಿ.

ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಮನೆಯಲ್ಲೇ ಇತಿಹಾಸದ ಪಾಠ ಹೇಳುತ್ತಿರುವುದು ನಿಮಗೆ ಗೊತ್ತೇ ಇದೆ. ಈ ವರ್ಷ ಈ ಪರೀಕ್ಷೆಗೆ ಇಬ್ಬರು. ಒಬ್ಬಳು ತನುಶ್ರೀ, ಇನ್ನೊಬ್ಬ ಚಿರಂತ್. ಅವನು ನಮ್ಮ ಸೊಸೈಟಿಯ ಹುಡುಗ, ಅವಳ ಕ್ಲಾಸಿನವನೇ, ಅಪ್ಪ ಅಮ್ಮ ಇಬ್ಬರೂ ಗುರುಗ್ರಾಮದ ಐ.ಟಿ. ಕಂಪನಿಗಳಲ್ಲಿದ್ದಾರೆ, ಮೂಲ ದಾವಣಗೆರೆ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಮುಕ್ಕಾಲು ಹಿಂದಿಯಾಗಿರುತ್ತದೆ. ಪರೀಕ್ಷೆಯಲ್ಲಿ ಮುಖ್ಯವಾದದ್ದು ಒಂದು ಪ್ರಬಂಧ. ಹಳೆಯ ದಾಖಲೆಗಳ ಏಳು ತುಣುಕು ಕೊಟ್ಟು ಒಂದು ಪ್ರಶ್ನೆ ಕೇಳುತ್ತಾರೆ. ರಾಜನ ಕಡೆಯವನು ಒಂದು ಹೇಳಿರುತ್ತಾನೆ, ಊರಿಗೆ ಬಂದ ಪ್ರವಾಸಿ ಇನ್ನೊಂದು, ವ್ಯಾಪಾರಿ ಮತ್ತೊಂದು. ಮಕ್ಕಳು ಅವನ್ನೆಲ್ಲ ತೂಗಿ ನೋಡಿ, ತಮ್ಮದೊಂದು ನಿಲುವು ತೆಗೆದುಕೊಂಡು, ಅದನ್ನು ವಾದಿಸಿ ಬರೆಯಬೇಕು. ಯಾರು ಯಾವ ವರ್ಷ ಪಟ್ಟಕ್ಕೆ ಬಂದ, ಯಾವ ವರ್ಷ ಸತ್ತ ಎಂದು ಉರು ಹೊಡೆದವರಿಗೆ ಇಲ್ಲಿ ಗತಿಯಿಲ್ಲ.

ತನುಶ್ರೀ ಓದುವುದರಲ್ಲಿ ಚುರುಕು. ನಿಲುವು ಮಾತ್ರ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಏಳು ದಾಖಲೆ ಕೊಟ್ಟರೆ ಏಳೂ ಸರಿ ಎಂದು ಬರೆಯುತ್ತಿದ್ದಳು. ಒಬ್ಬ ಹಗಲು ಎಂದಿದ್ದರೆ ಹೌದು, ಇನ್ನೊಬ್ಬ ರಾತ್ರಿ ಎಂದಿದ್ದರೆ ಅದೂ ಹೌದು. ಬೈದರೆ ಕಣ್ಣರಳಿಸಿ, "ಆಂಟಿ, ಎಲ್ಲರೂ ಸರಿಯಾಗೇ ಹೇಳ್ತಿದ್ದಾರಲ್ಲಾ, ಮೈ ಕಿಸ್ಕೋ ಗಲತ್ ಬೋಲೂಂ?" ಎನ್ನುವಳು. ಇದು ಎಲ್ಲಿಂದ ಬಂತು ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಒಂದು ಸಂಜೆ ಅವರ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ತಿಳಿಯಿತು. ಹುಡುಗಿ ಕೌಂಟರಿನಲ್ಲಿದ್ದಳು. ಒಬ್ಬ ಗಿರಾಕಿ ಬಂದು ಸಾಂಬಾರು ಸಿಹಿಯಾಗಿದೆ ಎಂದ. "ಜೀ ಸರ್, ಆಜ್ ಥೋಡಾ ಮೀಠಾ ಹೋ ಗಯಾ" ಎಂದಳು. ಅವನ ಹಿಂದೆಯೇ ನಿಂತಿದ್ದ ಹೆಂಗಸು ಸಾಂಬಾರು ಬಾಯಿ ಸುಡುವಷ್ಟು ಖಾರ ಎಂದಳು. "ಜೀ ಮ್ಯಾಮ್, ಆಜ್ ಥೋಡಾ ತೀಖಾ ಹೋ ಗಯಾ." ಒಂದೇ ಕೊಳಗದ ಸಾಂಬಾರು ಅಪ್ಪಾ! ಇಬ್ಬರೂ ಸಮಾಧಾನವಾಗಿ ಹೋದರು. ಗಿರಾಕಿಯ ಎದುರು ಮಾತಾಡಬಾರದು ಎಂಬುದು ಯೋಗೀಶರ ಹೋಟೆಲಿನ ಮೊದಲ ನಿಯಮ. ಹುಡುಗಿ ಅದನ್ನು ಹಾಲಿನ ಜೊತೆ ಕುಡಿದು ಬೆಳೆದಿದ್ದಾಳೆ. ಪ್ರಬಂಧದಲ್ಲಿ ಬಂದ ದಾಖಲೆಗಳನ್ನೂ ಗಿರಾಕಿಗಳೆಂದೇ ತಿಳಿದು ಎಲ್ಲರಿಗೂ ಜೀ ಸರ್ ಎನ್ನುತ್ತಿದ್ದಾಳೆ.

ಎದುರು ಮಾತಾಡುವುದನ್ನು ಕಲಿಸಬೇಕು, ಅದೂ ಮರ್ಯಾದೆಯಾಗಿ, ಆಧಾರ ಸಮೇತ. ನಿಮ್ಮ ಮಗಳಿಗೆ ಬೇರೆ ಏನು ಹೊಳೆಯಬೇಕು ಹೇಳಿ? ತಾಳಮದ್ದಳೆ ಮಾಡಿಸೋಣ ಎಂದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ದಿನವಿಡೀ "ನಿಯಮದಲ್ಲಿ ಅವಕಾಶವಿಲ್ಲ" ಎಂದು ಒಂದೇ ಮಾತು ಹೇಳುತ್ತಿದ್ದ ನೀವು, ಶನಿವಾರ ಸಂಜೆಯ ಕೂಟದಲ್ಲಿ ಶಲ್ಯ ಹೊದ್ದು ಅರ್ಥ ಹೇಳಲು ಕೂತರೆ ಬೇರೆಯೇ ಮನುಷ್ಯರಾಗುತ್ತಿದ್ದಿರಲ್ಲ, ಅದು ನೆನಪಾಯಿತು. ಚಿರಂತನಿಗೆ ವಿವರಿಸಿದೆ: ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತಿಲ್ಲ. ಭಾಗವತರು ಪದ್ಯ ಹಾಡಿ ಸಂದರ್ಭ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪಾತ್ರವೇ ತಾವಾಗಿ ಸ್ಥಳದಲ್ಲೇ ವಾದ ಮಾಡುತ್ತಾರೆ. ಅವನು ಸ್ವಲ್ಪ ಯೋಚಿಸಿ, "ಅಚ್ಛಾ, ರೋಸ್ಟ್ ಬ್ಯಾಟಲ್, ವಿತ್ ಭಜನ್" ಎಂದ. ರೋಸ್ಟ್ ಬ್ಯಾಟಲ್ ಎಂದರೆ ಒಬ್ಬರನ್ನೊಬ್ಬರು ಮಾತಿನಲ್ಲೇ ಹುರಿದು ಹಾಕುವ ಈಗಿನ ಹುಡುಗರ ಪಂದ್ಯವಂತೆ. ನಾನು ಹೌದು ಎಂದೆ. ಕ್ಷಮೆಯಿರಲಿ.

ವಿಷಯಕ್ಕೆ ದೂರ ಹೋಗಬೇಕಾಗಿರಲಿಲ್ಲ. ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಕೆರೆ ಹೌಜ್ ಖಾಸಿನಲ್ಲಿದೆ, ಯೋಗೀಶರ ಹೋಟೆಲಿನಿಂದ ಆಟೋದಲ್ಲಿ ಹೋದರೆ ಕೂತ ಹಾಗೂ ಆಗುವುದಿಲ್ಲ. ಅವನು ದಿಲ್ಲಿಯ ಪೇಟೆಯಲ್ಲಿ ಗೋಧಿ, ಬಟ್ಟೆ, ಕುದುರೆ ಎಲ್ಲಕ್ಕೂ ದರ ನಿಗದಿ ಮಾಡಿದ, ತೂಕದಲ್ಲಿ ಮೋಸ ಮಾಡಿದವರಿಗೆ ಘೋರ ಶಿಕ್ಷೆ ಕೊಟ್ಟ. ಅದು ಬಡವರಿಗಾಗಿಯೋ ಸೈನ್ಯಕ್ಕಾಗಿಯೋ, ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಇವತ್ತಿಗೂ ಜಗಳವಿದೆ. ನನ್ನ ಪಕ್ಷ ನಿಮಗೆ ಗೊತ್ತು. ಅವನ ಕ್ರೌರ್ಯ ಏನೇ ಇರಲಿ, ದಿಲ್ಲಿಯ ಬಡವನ ತಟ್ಟೆಗೆ ಅಗ್ಗದ ರೊಟ್ಟಿ ಹಾಕಿದ ಎಂದು ನಾನು ಇಷ್ಟು ವರ್ಷ ಎಲ್ಲ ಮಕ್ಕಳಿಗೂ ಹೇಳುತ್ತಾ ಬಂದಿದ್ದೇನೆ. ಶಿರಸ್ತೇದಾರರ ಮಗಳು, ರೇಷನ್ ಅಂಗಡಿಯ ಕಡೆಗಲ್ಲದೆ ಇನ್ನಾರ ಕಡೆ ಮಾತಾಡಲಿ?

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ದೋಸೆ ಕಾವಲಿ ಬಿಸಿಯಾಗುವ ತನಕ ಹೋಟೆಲು ಖಾಲಿ. ಅಲ್ಲೇ ಕೂಟ. ನನ್ನ ಯೋಜನೆಯಲ್ಲಿ ಹಾಡು ಇರಲಿಲ್ಲ, ಆದರೆ ಯೋಗೀಶರು ತಾವೇ ಭಾಗವತರು ಎಂದು ಘೋಷಿಸಿ, ಸ್ಟೀಲಿನ ತಟ್ಟೆಯನ್ನು ಜಾಗಟೆ ಮಾಡಿ, ಸೌಟು ಹಿಡಿದು ಕೂತೇಬಿಟ್ಟರು. ನಾನು ಎರಡು ಸಾಲಿನ ಪದ್ಯ ಹೊಸೆದು ಕೊಟ್ಟೆ. ಛಂದಸ್ಸಿನ ವಿಚಾರ ಕೇಳಬೇಡಿ. ಚಿರಂತ್ ಸುಲ್ತಾನ, ತನುಶ್ರೀ ಗೋಧಿ ವ್ಯಾಪಾರಿ. ಸುಲ್ತಾನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ, "ಕಲ್ ಸೇ ದಿಲ್ಲಿಯಲ್ಲಿ ಗೋಧಿಗೆ ಒಂದೇ ರೇಟ್" ಎಂದು ಗುಡುಗಿದ. ವ್ಯಾಪಾರಿ ಕೈಮುಗಿದು, "ಜೀ ಹುಜೂರ್, ನೀವು ಹೇಳಿದ್ದೇ ಸರಿ" ಎಂದಳು. ಕೂಟ ಅಲ್ಲಿಗೆ ಮುಗಿಯಿತು! ಯೋಗೀಶರಿಗೆ ಎರಡನೆಯ ಸಾಲು ಹಾಡಲೂ ಅವಕಾಶ ಸಿಗಲಿಲ್ಲ. ಅವರಿಗಾದಷ್ಟು ಬೇಸರ ನನಗೂ ಆಗಲಿಲ್ಲ.

ಹುಡುಗಿ ಬದಲಾದದ್ದು ಚಿರಂತನ ಅಧಿಕಪ್ರಸಂಗದಿಂದ. ಎದುರಾಳಿ ಬಾಯಿ ಬಿಡದೆ ಇದ್ದದ್ದು ಅವನಿಗೆ ಸಪ್ಪೆ ಎನಿಸಿರಬೇಕು. "ಔರ್ ಸುನೋ, ಕಲ್ ಸೇ ಮಸಾಲೆದೋಸೆ ಭೀ ಸರ್ಕಾರಿ ರೇಟ್. ಆಲೂ ಕಮ್ ಡಾಲಾ ತೋ ಸೀದಾ ಜೈಲ್" ಎಂದುಬಿಟ್ಟ. ದೋಸೆಯ ಸುದ್ದಿ ಬಂದದ್ದೇ ತಡ, ತನುಶ್ರೀಯ ಮುಖ ಕೆಂಪಾಯಿತು. "ಹುಜೂರ್, ರೇಟ್ ನೀವು ಫಿಕ್ಸ್ ಮಾಡ್ತೀರಿ, ಮಳೆ ಕೂಡ ನೀವೇ ಫಿಕ್ಸ್ ಮಾಡ್ತೀರಾ? ಬೆಳೆ ಬರದಿದ್ರೆ ನಾನು ಎಲ್ಲಿಂದ ತರಲಿ? ನನ್ನ ಎತ್ತಿಗೆ ಹುಲ್ಲು ನಿಮ್ಮ ಕೊತ್ವಾಲ ಹಾಕ್ತಾನಾ?" ಎಂದು ಶುರು ಮಾಡಿದವಳು ನಿಲ್ಲಲೇ ಇಲ್ಲ. ಒಳಗಿನಿಂದ ಅಮ್ಮಣ್ಣಿ ಒದ್ದೆ ಕೈಯಲ್ಲೇ ಬಂದು ನಿಂತರು. ದೋಸೆ ಮಾಡುವವರು, ಪಾತ್ರೆ ತೊಳೆಯುವವರು ಎಲ್ಲ ಬಾಗಿಲಲ್ಲಿ ಗುಂಪಾದರು. ಸುಲ್ತಾನ ಕಾಲು ಇಳಿಸಿ ನೆಟ್ಟಗೆ ಕೂತ. ಅಪ್ಪಾ, ನನಗೆ ಮೈ ಜುಮ್ಮೆಂದಿತು. ಆಮೇಲೆ ವಾರ ವಾರವೂ ಕೂಟ ನಡೆಯಿತು. ವ್ಯಾಪಾರಿಯ ಪಾತ್ರವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು ಓಡಾಡುತ್ತಿದ್ದೆ.

ಮಾರ್ಚಿನಲ್ಲಿ ಅಣಕು ಪರೀಕ್ಷೆ ಬಂತು. ಅದೃಷ್ಟ ನೋಡಿ, ಇದೇ ಪ್ರಶ್ನೆ. ದಿಲ್ಲಿಯ ಸುಲ್ತಾನನ ದರ ನಿಯಂತ್ರಣದಿಂದ ಜನರಿಗೆ ಎಷ್ಟರ ಮಟ್ಟಿಗೆ ಲಾಭವಾಯಿತು, ದಾಖಲೆಗಳ ಆಧಾರದಿಂದ ವಾದಿಸಿ. ನಾನು ಸಿಹಿ ತರಿಸಲು ಸಿದ್ಧಳಾಗಿದ್ದೆ. ಉತ್ತರಪತ್ರಿಕೆ ಮನೆಗೆ ಬಂದಾಗ ಓದುತ್ತೇನೆ, ಮೊದಲ ಸಾಲೇ ಹೀಗಿದೆ: "ಮೂರು ತಲೆಮಾರಿನಿಂದ ದಿಲ್ಲಿಯ ಮಂಡಿಯಲ್ಲಿ ಗೋಧಿ ಮಾರುತ್ತಿರುವ ನಾನು, ನನ್ನ ಗಾಡಿ ಎತ್ತುಗಳ ಮೇಲೆ ಆಣೆಯಿಟ್ಟು ಹೇಳುತ್ತೇನೆ." ಅಲ್ಲಿಂದ ಕೊನೆಯ ತನಕ ಹುಡುಗಿ ವ್ಯಾಪಾರಿಯಾಗಿಯೇ ಬರೆದಿದ್ದಾಳೆ. ಸುಲ್ತಾನನಿಗೆ ಶಾಪ ಹಾಕಿದ್ದಾಳೆ, ಹೆಂಡತಿ ಮಕ್ಕಳನ್ನು ನೆನೆದು ಅತ್ತಿದ್ದಾಳೆ, ರಾಜನ ಕಡೆಯವನ ದಾಖಲೆಗೆ "ಎಲೈ ಅರಮನೆಯ ಅನ್ನ ತಿಂದವನೇ" ಎಂದು ಸವಾಲು ಹಾಕಿದ್ದಾಳೆ. ಎಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ! ಶಾಲೆಯ ಇತಿಹಾಸದ ಟೀಚರು ಕೆಳಗೆ ಕೆಂಪು ಶಾಯಿಯಲ್ಲಿ, "ಓದಿ ಕಣ್ಣು ತುಂಬಿತು. ಆದರೆ ಪ್ರಬಂಧ ಎಲ್ಲಿ?" ಎಂದು ಬರೆದಿದ್ದರು. ಅಂಕ ಬರಲಿಲ್ಲ. ಪರೀಕ್ಷೆಗೆ ಕಳಿಸುವವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಚಿರಂತ್ ಪಾಸಾದ. ಅವನು ಹುಟ್ಟಿನಿಂದಲೇ ಸುಲ್ತಾನ, ಕೂಟ ಅವನನ್ನು ಏನೂ ಮಾಡಿರಲಿಲ್ಲ.

ಮೊದಲು ನಾನು ನಕ್ಕೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಪತ್ರಿಕೆಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ. ಆ ಮಗು ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಯೋಗೀಶರು ಫೋನ್ ಮಾಡಿದರು. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ಸುಮಿತ್ರಕ್ಕಾ, ಬಿಟ್ಬಿಡಿ. ಹುಡುಗಿ ಅತ್ತು ಅತ್ತು ಊಟ ಬಿಟ್ಟಿದ್ದಾಳೆ. ಇದೆಲ್ಲ ನಮ್ಮಂಥವರಿಗಲ್ಲ, ಬಿ.ಬಿ.ಎ. ಮಾಡಿ ಆರಾಮಾಗಿರ್ಲಿ" ಎಂದು ಮೆಲ್ಲಗೆ ಹೇಳಿದರು. ನಮ್ಮಂಥವರಿಗಲ್ಲ ಎಂಬ ಮಾತು ನನಗೆ ಚುಚ್ಚಿತು. ಮಾರನೆಯ ದಿನವೇ ಮೆಟ್ರೋ ಹಿಡಿದು ಶಾಲೆಗೆ ಹೋಗಿ ಆ ಟೀಚರನ್ನು ಕಂಡೆ. ಹುಡುಗಿಯ ತಪ್ಪಲ್ಲ, ನನ್ನ ತಪ್ಪು ಎಂದು ತಾಳಮದ್ದಳೆಯ ಕತೆಯನ್ನೆಲ್ಲ ಹೇಳಿದೆ. ಅವರು ಪಂಜಾಬಿ, ಏನು ತಿಳಿಯಿತೋ ಬಿಟ್ಟಿತೋ, ಕೊನೆಗೆ ನಗುತ್ತಾ ಇನ್ನೊಂದು ಅವಕಾಶ ಕೊಡುತ್ತೇನೆ ಎಂದರು. ಒಂದೇ ಒಂದು. ಏಪ್ರಿಲ್ ಮೊದಲ ಶುಕ್ರವಾರ ಅದೇ ಪ್ರಶ್ನೆಗೆ ಮರುಪರೀಕ್ಷೆ, ಅದರಲ್ಲೂ ಹೋದರೆ ಈ ವರ್ಷಕ್ಕೆ ಮುಗಿಯಿತು.

ಈಗ ಸಮಸ್ಯೆ ನೋಡಿ. ವಾದ ಬೇಡವೆಂದರೆ ಮತ್ತೆ ಜೀ ಸರ್ ಆಗುತ್ತಾಳೆ, ವಾದ ಮಾಡೆಂದರೆ ವ್ಯಾಪಾರಿಯಾಗುತ್ತಾಳೆ. ನಮ್ಮ ಮನೆಯ ಬಾಲ್ಕನಿಯಲ್ಲಿ ಅವಳನ್ನು ಕೂರಿಸಿಕೊಂಡು ಏನೇನೋ ಹೇಳಿದೆ. ಯಾವುದೂ ತಲೆಗೆ ಹೋಗಲಿಲ್ಲ. ಸಮಾಧಾನ ಮಾಡಲೆಂದು ನಿಮ್ಮ ಸುದ್ದಿ ತೆಗೆದೆ. ಒಮ್ಮೆ ನೀವು ಸುಳ್ಯದ ಕೂಟದಿಂದ ಮುಖ ಸಿಂಡರಿಸಿಕೊಂಡು ಬಂದು ಅಮ್ಮನ ಮುಂದೆ ಹಾರಾಡಿದ್ದು ಜ್ಞಾಪಕವಿದೆಯೇ? ನಿಮ್ಮ ಪಾತ್ರದ ಅತ್ಯುತ್ತಮ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಅಷ್ಟರಲ್ಲಿ ಭಾಗವತರು ಜಾಗಟೆ ಬಾರಿಸಿ ಮುಂದಿನ ಪದ್ಯ ಎತ್ತಿಬಿಟ್ಟರು. "ನನ್ನ ಮಾತು ಮುಗೀಲಿಲ್ಲ, ಅವನಿಗೆ ಏನು ಅವಸರ!" ಎಂದು ಎರಡು ದಿನ ಗೊಣಗಿದಿರಿ. ಇದನ್ನು ಹೇಳುತ್ತಾ ನಾನು ನಗುತ್ತಿದ್ದೆ. ತನುಶ್ರೀ ನಗಲಿಲ್ಲ. "ಆಂಟಿ, ಅಂದ್ರೆ ಭಾಗವತರು ಯಾರ ಸೈಡೂ ಅಲ್ಲ, ಆದ್ರೆ ಸ್ಟೋರಿ ಅವರದ್ದೇ ಅಲ್ವಾ?" ಎಂದಳು. ನನಗೆ ಕೂತಲ್ಲೇ ಬೆಳಕಾಯಿತು. ಪ್ರಬಂಧ ಬರೆಯುವವಳು ಅರ್ಥಧಾರಿಯಲ್ಲ, ಭಾಗವತ! ಏಳು ದಾಖಲೆಗಳು ಏಳು ಅರ್ಥಧಾರಿಗಳು. ಕತೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಪದ್ಯದಲ್ಲಿ ಹೇಳಬೇಕು. ಯಾರು ಮಾತಾಡಬೇಕು, ಎಷ್ಟು ಮಾತಾಡಬೇಕು ಎಂದು ತಾನು ಗೊತ್ತುಮಾಡಬೇಕು. ಹೆಚ್ಚಾದರೆ ಜಾಗಟೆ ಬಾರಿಸಬೇಕು. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು.

ಕಳೆದ ಭಾನುವಾರ ಕೊನೆಯ ಕೂಟ. ಈ ಸಲ ತಟ್ಟೆ ಸೌಟು ತನುಶ್ರೀಯ ಕೈಗೆ. ಚಿರಂತ್ ಎಂದಿನಂತೆ ಸುಲ್ತಾನ, ನಾನು ನಗರದ ಬಡವಿ, ವ್ಯಾಪಾರಿಯ ಜಾಗಕ್ಕೆ ಯೋಗೀಶರು. ಮಗಳಿಂದ ಮರುಪರೀಕ್ಷೆ ಬರೆಸಲು ಅವರಿಗೆ ಮನಸ್ಸಿರಲಿಲ್ಲ, ಪಾತ್ರ ಸಿಗುತ್ತದೆ ಎಂದಾಗ ಒಪ್ಪಿದರು. ಅವರ ಮಾತು ಶುರುವಾಯಿತು ನೋಡಿ. ಗೋಧಿಯಿಂದ ಹೊರಟು ಉದ್ದಿನಬೇಳೆಗೆ ಬಂದರು, ಅಲ್ಲಿಂದ ಗ್ಯಾಸ್ ಸಿಲಿಂಡರಿಗೆ, ಅಲ್ಲಿಂದ ಸಂಬಳದ ಮುಂಗಡ ತೆಗೆದುಕೊಂಡು ಊರಿಗೆ ಹೋದ ಮಾಣಿ ತಿರುಗಿ ಬಾರದ ವಿಚಾರಕ್ಕೆ. ಸುಲ್ತಾನನ ದಿಲ್ಲಿಯಲ್ಲಿ ಗ್ಯಾಸ್ ಸಿಲಿಂಡರ್ ಎಂದು ಚಿರಂತ್ ಬಿದ್ದು ಬಿದ್ದು ನಗುತ್ತಿದ್ದ. ತನುಶ್ರೀ ಸೌಟು ಎತ್ತಿ ಹಿಡಿದೇ ಇದ್ದಳು, ಬಾರಿಸಲು ಕೈ ಬರುತ್ತಿರಲಿಲ್ಲ. ಹುಟ್ಟಿದಂದಿನಿಂದ ಅಪ್ಪನ ಮಾತಿನ ನಡುವೆ ಒಂದು ಶಬ್ದ ಆಡದ ಹುಡುಗಿ ಅವಳು. ನಾನು ಬಾಯಿ ಬಿಡಬಾರದೆಂದು ತುಟಿ ಕಚ್ಚಿಕೊಂಡು ಕೂತೆ. ಕೊನೆಗೆ ಠಣ್ ಎಂದು ಬಾರಿಸಿದಳು. ಸೌಟನ್ನು ತಟ್ಟೆಯ ಮೇಲಿಟ್ಟು ಅಪ್ಪನ ಕಡೆ ತಿರುಗಿದಳು. "ಪಪ್ಪಾ, ಬಸ್. ನೀವು ಹೇಳಿದ್ರಲ್ಲಿ ಅರ್ಧ ಸರಿ. ಇನ್ನರ್ಧ ನಾನು ಒಪ್ಪಲ್ಲ." ಯೋಗೀಶರು ಬಾಯಿ ತೆರೆದುಕೊಂಡೇ ಇದ್ದರು. ಅಡುಗೆಮನೆಯ ಬಾಗಿಲಿನಿಂದ ಅಮ್ಮಣ್ಣಿ, "ಮದುವೆಯಾದಾಗಿನಿಂದ ಇದನ್ನೇ ಹೇಳೋಕೆ ನೋಡ್ತಿದ್ದೆ, ಮಗಳು ಹೇಳಿದ್ಲು" ಎಂದರು. ಎಲ್ಲರೂ ಗೊಳ್ಳೆಂದು ನಕ್ಕೆವು. ಯೋಗೀಶರೂ ನಕ್ಕರು, ಒಂದು ಗಳಿಗೆ ತಡವಾಗಿ. ಆಮೇಲೆ ಒಳಗೆ ಹೋಗಿ ತಾವೇ ಎಲ್ಲರಿಗೂ ಕಾಫಿ ಮಾಡಿ ತಂದರು. ಮಗಳ ಲೋಟವನ್ನು ಅವಳ ಮುಂದಿಡುವಾಗ, "ಯಾವ ಅರ್ಧ ತಪ್ಪು ಅಂತ ಆಮೇಲೆ ಹೇಳು" ಎಂದು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು.

ಮೊನ್ನೆ ಶುಕ್ರವಾರ ಮರುಪರೀಕ್ಷೆ ಆಯಿತು. 'ಹೇಗಾಯಿತು' ಎಂದು ಕೇಳಿದರೆ "ಬರೆದೆ ಆಂಟಿ" ಎಂದು ಇಷ್ಟೇ ಹೇಳಿ ಫೋನ್ ಇಟ್ಟಳು. ಧ್ವನಿಯಲ್ಲಿ ಏನೋ ಅಳುಕಿತ್ತು. ಮತ್ತೆ ಎತ್ತುಗಳ ಮೇಲೆ ಆಣೆಯಿಟ್ಟಳೋ ಏನೋ ಎಂದು ನನಗೆ ಎರಡು ದಿನದಿಂದ ಸಮಾಧಾನವಿಲ್ಲ. 'ಪರೀಕ್ಷೆ ಬರೆದದ್ದು ನೀನೋ ಅವಳೋ' ಎಂದು ನಿಮ್ಮ ಅಳಿಯ ಚೇಷ್ಟೆ ಮಾಡುತ್ತಾರೆ. ನನ್ನ ಸ್ವಂತ ಪರೀಕ್ಷೆಗಳಿಗೆ ನಾನು ಇಷ್ಟು ಹೆದರಿದವಳಲ್ಲ ಅಪ್ಪಾ. ಅವಳು ಪಾಸಾಗದಿದ್ದರೆ ಆ ಗಲ್ಲಾದ ಹಿಂದೆ ಅವಳನ್ನು ನೋಡುವಾಗಲೆಲ್ಲ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.

ಕೋಸಂಬರಿ ಸಿದ್ಧವಾಯಿತೆಂದು ಕರೆ ಬಂತು, ಉಪ್ಪು ಹಾಕಲು ಮರೆತಿರುತ್ತಾರೆ, ಹೋಗಿ ನೋಡಬೇಕು. ಅಣ್ಣನಿಗೂ ಅತ್ತಿಗೆಗೂ ನಮ್ಮಿಬ್ಬರ ನಮಸ್ಕಾರ ತಿಳಿಸಿ. ಅಣ್ಣನ ಮಕ್ಕಳಿಗೆ ನನ್ನ ಪ್ರೀತಿ, ಸಣ್ಣವಳ ಕೆನ್ನೆಗೆ ಒಂದು ಮುತ್ತು ಹೆಚ್ಚು. ಕಿವಿಯ ಯಂತ್ರಕ್ಕೆ ಬಿಸಿಲು ಗಾಳಿ ತೋರಿಸಿ. ನಿಮ್ಮ ಆಶೀರ್ವಾದದಲ್ಲಿ ಈ ಸಲ ತನುಶ್ರೀಗೂ ಒಂದು ಪಾಲು ಇರಲಿ.

ನಿಮ್ಮ ಮಗಳು,
ಸುಮಿತ್ರಾ

ತಾ.ಕ.: ಸೋಮವಾರ ಸಂಜೆ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅನುಸರಿಸಿಕೊಳ್ಳಿ. ಪಾಸು ಅಪ್ಪಾ! ಬರಿಯ ಪಾಸಲ್ಲ, ಕ್ಲಾಸಿಗೇ ಮೊದಲು, ಚಿರಂತನಿಗಿಂತ ಮೇಲೆ. ಮೇ ಪರೀಕ್ಷೆಗೆ ಹೆಸರು ಸೇರಿಸಿದರು. ಯೋಗೀಶರು ಫೋನಿನಲ್ಲಿ ಮಾತಾಡಲಾರದೆ ಅಮ್ಮಣ್ಣಿಯ ಕೈಗೆ ಕೊಟ್ಟುಬಿಟ್ಟರು. ಆದರೆ ಹುಡುಗಿಯ ಅಳುಕಿನ ಕಾರಣ ಈಗ ಗೊತ್ತಾಯಿತು. ಅವಳು ಬರೆದದ್ದು ವ್ಯಾಪಾರಿಯ ಪರವಾಗಿಯೂ ಅಲ್ಲ, ನನ್ನ ಪರವಾಗಿಯೂ ಅಲ್ಲ. ನಗರದ ಬಡವನಿಗೆ ರೊಟ್ಟಿ ಅಗ್ಗವಾದದ್ದು ನಿಜ, ಆದರೆ ಆ ಗೋಧಿ ಸುತ್ತಲಿನ ಹಳ್ಳಿಗಳಿಂದ ಬೆಳೆಯ ಅರ್ಧದಷ್ಟು ಕಂದಾಯವಾಗಿ ಬಂದದ್ದು, ದಿಲ್ಲಿ ಉಂಡಿತು, ರೈತ ತೆತ್ತ, ಆದ್ದರಿಂದ ಜನರಿಗೆ ಲಾಭವಾಯಿತು ಎನ್ನುವವರು ಯಾವ ಜನರನ್ನು ಎಣಿಸುತ್ತಿದ್ದಾರೆ ಎಂದು ಕೇಳಬೇಕು ಎಂದು ಬರೆದಿದ್ದಾಳೆ. ಇಷ್ಟು ವರ್ಷ ನಾನು ಎಣಿಸಿರಲಿಲ್ಲ. "ಆಂಟಿ, ನಿಮ್ಮ ಪಾಯಿಂಟ್ ತಪ್ಪು ಅಂತ ಬರೆದ್ಬಿಟ್ಟೆ, ಸಾರಿ" ಎಂದಳು. ಪರವಾಗಿಲ್ಲ ಮಗು ಎನ್ನುವಷ್ಟರಲ್ಲಿ, "ಸಾರಿ ಅಂದೆ, ಲೇಕಿನ್ ತಪ್ಪು ತಪ್ಪೇ ಆಂಟಿ" ಎಂದು ಸೇರಿಸಿದಳು. ಫೋನ್ ಇಟ್ಟು ಸಂತೋಷಕ್ಕೆ ಅತ್ತೆ. ಅತ್ತು ಮುಗಿದ ಮೇಲೆ ಉತ್ತರ ಹುಡುಕುತ್ತಾ ಕೂತಿದ್ದೇನೆ, ಒಂದೂ ಸಿಗುತ್ತಿಲ್ಲ. ಮುಂದಿನ ಭಾನುವಾರ ಅವಳು ಪಾಠಕ್ಕೆ ಬರುತ್ತಾಳೆ. ಸುಲ್ತಾನನ ಪರವಾಗಿ ಇನ್ನೇನಾದರೂ ಹೇಳಲು ಸಾಧ್ಯವಿದ್ದರೆ ದಯವಿಟ್ಟು ಕೂಡಲೇ ಸ್ಪೀಡ್ ಪೋಸ್ಟಿನಲ್ಲಿ ಬರೆದು ಕಳಿಸಿ.